ಹೆರಿಗೆ ಮಾಡಿಸುತ್ತಲೇ ಸಂಶೋಧನೆ: ಅದೂ ಒಂದು ವೃತ್ತಿಯೇ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಓಬಿಜಿ, ಅಂದರೆ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ, ಎರಡನೇ ವರ್ಷದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ). ಥೀಸಿಸ್‌ಗೆ ಡೇಟಾ ಕೂಡಿಸುತ್ತಾ ಕೂಡಿಸುತ್ತಾ ಸಂಶೋಧನೆಯ ರುಚಿ ಹತ್ತಿದೆ. ಸೀನಿಯರ್‌ಗಳಿಗೆ ಹೇಳಿದರೆ ನಗುತ್ತಾರೆ. 'ಅದೇ ಮಾಡೋದಿದ್ರೆ ಓಬಿಜಿ ಯಾಕೆ ತಗೊಂಡೆ, ಪಿಎಸ್‌ಎಂ ತಗೋಬೇಕಿತ್ತು' ಅನ್ನುತ್ತಾರೆ (ಪಿಎಸ್‌ಎಂ ಅಂದರೆ ಸಮುದಾಯ ಆರೋಗ್ಯ ವಿಭಾಗ). ಮನೆಯವರಿಗೆ ನಮ್ಮೂರಲ್ಲಿ ನರ್ಸಿಂಗ್ ಹೋಮ್ ಹಾಕಬೇಕೆಂಬ ಆಸೆ. ಹೆರಿಗೆ ಮಾಡಿಸುತ್ತಲೇ ಸಂಶೋಧನೆ ಮಾಡುವ ದಾರಿ ಇದೆಯೇ? ಅದರಲ್ಲಿ ಬದುಕು ನಡೆಯುತ್ತದೆಯೇ? ಈಗ ಎಲ್ಲಿಂದ ಶುರು ಮಾಡಲಿ?

ಉತ್ತರ: ದಾರಿ ಇದೆ. ಬದುಕೂ ನಡೆಯುತ್ತದೆ, ಆದರೆ ನರ್ಸಿಂಗ್ ಹೋಮ್ ಹಾಕಿದ ಬ್ಯಾಚ್‌ಮೇಟ್‌ಗಳ ಜೊತೆ ಹೋಲಿಸಿಕೊಳ್ಳಬೇಡಿ. ಹೆರಿಗೆ ಮಾಡಿಸೋದನ್ನು ಮಾತ್ರ ಬಿಡಬೇಡಿ. ಲೇಬರ್ ರೂಮಿನಿಂದ ಪೂರ್ತಿ ದೂರ ಸರಿದ ಓಬಿಜಿ ಸಂಶೋಧಕರಿಗೆ ಕೆಲವು ವರ್ಷಗಳಲ್ಲೇ ಕೇಳಲು ಒಳ್ಳೆಯ ಪ್ರಶ್ನೆಗಳು ಖಾಲಿಯಾಗುತ್ತವೆ. ಇದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಸೀನಿಯರ್‌ಗಳ ಮಾತಿನಲ್ಲಿ ಅರ್ಧ ನಿಜ ಇದೆ. ಸ್ಯಾಂಪಲ್ ಸೈಜ್, ಟ್ರಯಲ್ (ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸುವ ಅಧ್ಯಯನ) ಡಿಸೈನ್, ಅಂಕಿಸಂಖ್ಯೆ ಇವೆಲ್ಲ ಪಿಎಸ್‌ಎಂನವರಿಗೆ ಚೆನ್ನಾಗಿ ಗೊತ್ತು. ನಾವು ಅದನ್ನು ಕಲಿಯಲು ಹೋಗುವುದೇ ಇಲ್ಲ. 1979ರಲ್ಲಿ ಬ್ರಿಟನ್ನಿನ ಆರ್ಚಿ ಕಾಕ್ರನ್ ಪ್ರಸೂತಿ ವಿಭಾಗಕ್ಕೆ 'ಮರದ ಚಮಚ' ಕೊಟ್ಟಿದ್ದರು. ಅದು ಕಡೇ ಸ್ಥಾನಕ್ಕೆ ಕೊಡುವ ಗೇಲಿಯ ಬಹುಮಾನ. ಪುರಾವೆ ನೋಡದೆ ಚಿಕಿತ್ಸೆ ಕೊಡೋದರಲ್ಲಿ ಇವರನ್ನು ಮೀರಿಸಿದವರಿಲ್ಲ ಅನ್ನೋದು ಅವರ ದೂರು. ಆದರೆ ಆ ಚುಚ್ಚುಮಾತನ್ನು ಮನಸ್ಸಿಗೆ ಹಚ್ಚಿಕೊಂಡವರೂ ನಮ್ಮ ಕಡೆಯವರೇ. ಪ್ರಸೂತಿಯಲ್ಲಿ ತರಬೇತಿ ಪಡೆದಿದ್ದ ಇಯಾನ್ ಚಾಮರ್ಸ್ ಆಕ್ಸ್‌ಫರ್ಡಿನಲ್ಲಿ ಕೂತು, ಬಸುರಿಯರ ಮೇಲೆ ಮತ್ತು ನವಜಾತ ಶಿಶುಗಳ ಮೇಲೆ ನಡೆದ ಟ್ರಯಲ್‌ಗಳನ್ನೆಲ್ಲ ಹುಡುಕಿಸಿ ಒಂದೆಡೆ ಸೇರಿಸಿದರು. ಆ ಕೆಲಸವೇ ಬೆಳೆದು 1993ರಲ್ಲಿ ಕಾಕ್ರನ್ ಕೊಲಾಬರೇಷನ್ ಆಯಿತು. ಇವತ್ತು ಹೃದ್ರೋಗದವರು, ಕ್ಯಾನ್ಸರಿನವರು ಎಲ್ಲರೂ ತೆಗೆದು ನೋಡುವ, ಹೀಗೆ ಟ್ರಯಲ್‌ಗಳನ್ನು ಒಟ್ಟು ಸೇರಿಸಿ ತೂಗುವ ಕಾಕ್ರನ್ ರಿವ್ಯೂಗಳ ತವರುಮನೆ ನಮ್ಮ ವಿಭಾಗ. ಮುಂದಿನ ಸಲ ಯಾರಾದರೂ ನಕ್ಕರೆ ಇದನ್ನು ಹೇಳಿ.

ಇನ್ನೊಂದು ವಿಷಯ. ಸಂಶೋಧನೆ ಅಂದ ತಕ್ಷಣ ಲ್ಯಾಬು, ಇಲಿ, ಮೈಕ್ರೋಸ್ಕೋಪು ಕಣ್ಣಿಗೆ ಬರುತ್ತವೆ. ಅದೂ ಬೇಕು. ಆದರೆ ಬಾಣಂತಿಯರ ಜೀವ ಉಳಿಸಿದ ಎಷ್ಟೋ ಕೆಲಸ ಅಂಥದ್ದಲ್ಲ. ಎಲ್ಲರೂ ಅಂದಾಜಿನಲ್ಲಿ ಹೇಳುತ್ತಿದ್ದ ಒಂದು ಸಂಗತಿಯನ್ನು ಯಾರೋ ಒಬ್ಬರು ಸರಿಯಾಗಿ ಅಳೆದರು. ಅಲ್ಲಿಂದ ಎಲ್ಲ ಬದಲಾಯಿತು.

ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ತೋರಿಸಲು ನೀವು ದಿನಾ ತುಂಬುವ ಚಾರ್ಟು, ಪಾರ್ಟೋಗ್ರಾಮನ್ನೇ ನೋಡಿ. ಎಮ್ಯಾನುಯೆಲ್ ಫ್ರೀಡ್‌ಮನ್ ನ್ಯೂಯಾರ್ಕಿನಲ್ಲಿ ಇನ್ನೂ ತರಬೇತಿಯಲ್ಲಿದ್ದಾಗಲೇ, ಅಂದರೆ ಹೆಚ್ಚುಕಮ್ಮಿ ನಿಮ್ಮ ಜಾಗದಲ್ಲಿದ್ದಾಗಲೇ, ಹೆರಿಗೆ ನೋವಿನ ಗ್ರಾಫ್ ಬರೆಯಲು ಶುರು ಮಾಡಿದರು. 1955ರ ಅವರ ಪೇಪರಿನಲ್ಲಿ 500 ಚೊಚ್ಚಲ ಹೆರಿಗೆಗಳ ಲೆಕ್ಕ ಇದೆ. ಗರ್ಭಕೊರಳು ಎಷ್ಟು ಹೊತ್ತಿಗೆ ಎಷ್ಟು ಸೆಂಟಿಮೀಟರ್ ತೆರೆಯಿತು ಅನ್ನೋದೇ ಅದರ ಜೀವಾಳ. 1972ರಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಅಲರ್ಟ್ ಲೈನ್, ಆ್ಯಕ್ಷನ್ ಲೈನ್ ಸೇರಿಸಿದರು. ಅವರಿದ್ದದ್ದು ಈಗಿನ ಜಿಂಬಾಬ್ವೆಯಲ್ಲಿ. ದೂರದ ಕ್ಲಿನಿಕ್ಕಿನಲ್ಲಿ ಒಬ್ಬಳೇ ಇರುವ ಸೂಲಗಿತ್ತಿ ನರ್ಸಿಗೆ 'ಈಗ ದೊಡ್ಡ ಆಸ್ಪತ್ರೆಗೆ ಕಳಿಸು' ಎಂದು ಹೇಳುವ ಗೆರೆ ಬೇಕಿತ್ತು. ಆ ಗೆರೆ ಪ್ರಪಂಚ ಸುತ್ತಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಮತ್ತೆ ಪ್ರಶ್ನಿಸಿತು. ಗಂಟೆಗೆ ಒಂದು ಸೆಂಟಿಮೀಟರ್ ಅನ್ನೋ ಲೆಕ್ಕ ಎಲ್ಲ ಹೆಂಗಸರಿಗೂ ಹೊಂದೋದಿಲ್ಲ, ಅಷ್ಟು ವೇಗ ಇಲ್ಲ ಅಂದ ಮಾತ್ರಕ್ಕೆ ಕೈ ಹಾಕಬೇಡಿ ಅಂದಿತು. ತರಬೇತಿಯಲ್ಲಿದ್ದ ಒಬ್ಬ ಹುಡುಗನ ಗ್ರಾಫು ಅರವತ್ತು ವರ್ಷ ಲೇಬರ್ ರೂಮುಗಳನ್ನು ಆಳಿತು. ಅದನ್ನು ಅಲುಗಿಸಲೂ ಸಾವಿರಾರು ಹೆರಿಗೆಗಳನ್ನು ಮತ್ತೆ ಅಳೆಯಬೇಕಾಯಿತು.

ಈಗ ನಿಮ್ಮ ಪಕ್ಕದ ಬೆಳಗಾವಿಗೆ ಬನ್ನಿ. ಉದಾಹರಣೆ ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಾಗಿಲ್ಲ.

ಹೆರಿಗೆ ಆದ ಮೇಲಿನ ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಒಳ್ಳೆಯ ಮದ್ದು ಅಂತ ಆಗಲೇ ಗೊತ್ತಿತ್ತು. ಆದರೆ ಅದು ಇಂಜೆಕ್ಷನ್. ತಂಪಿನಲ್ಲಿ ಇಡಬೇಕು. 2000ದ ಆಸುಪಾಸಿನಲ್ಲಿ ಹಳ್ಳಿಯ ಮನೆಯಲ್ಲೋ ಸಬ್‌ಸೆಂಟರಿನಲ್ಲೋ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಸಿಸ್ಟರ್ ಕೈಯಲ್ಲಿ ಅದು ಇರುತ್ತಿರಲಿಲ್ಲ. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ಲಿನಲ್ಲಿ ಅದು ಆಕ್ಸಿಟೋಸಿನ್‌ಗಿಂತ ಹಿಂದೆ ಬಿದ್ದಿತ್ತು. ಬಹಳ ಜನ ಅಲ್ಲಿಗೇ ಕೈ ಬಿಟ್ಟರು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ ಬೇರೆ ಪ್ರಶ್ನೆ ಕೇಳಿತು: ಆಕ್ಸಿಟೋಸಿನ್ ಇಲ್ಲವೇ ಇಲ್ಲದ ಕಡೆ ಈ ಮಾತ್ರೆ ಉಪಯೋಗಕ್ಕೆ ಬರುತ್ತದಾ? ಅಮೆರಿಕದ ರಿಚರ್ಡ್ ಡರ್ಮನ್, ಇಲ್ಲಿಯ ಕೊಡ್ಕಣಿ, ಶಿವಪ್ರಸಾದ ಗೌಡರ್ ಮತ್ತು ಜೊತೆಗಾರರು ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಟ್ರಯಲ್ ಮಾಡಿದರು. ಮಾತ್ರೆ ಕೊಟ್ಟವರು ಪ್ರೊಫೆಸರ್‌ಗಳಲ್ಲ, ಎಎನ್‌ಎಂಗಳು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಮದ್ದಿಲ್ಲದ ಸುಳ್ಳುಮಾತ್ರೆ ತಗೊಂಡವರಲ್ಲಿ 12 ಪ್ರತಿಶತ ಜನರಿಗೆ ಹೆಚ್ಚು ರಕ್ತ ಹೋಗಿತ್ತು, ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ 6.4 ಪ್ರತಿಶತ. 2011ರಲ್ಲಿ ಈ ಮಾತ್ರೆ, ಆಕ್ಸಿಟೋಸಿನ್ ಸಿಗದ ಕಡೆಗಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು.

ನನಗೆ ಈ ಕತೆಯಲ್ಲಿ ಮಾತ್ರೆಗಿಂತ ಜಾಸ್ತಿ ಇಷ್ಟವಾಗೋದು ಒಂದು ಪ್ಲಾಸ್ಟಿಕ್ ಹಾಳೆ. ಎಷ್ಟು ರಕ್ತ ಹೋಯಿತು ಅಂತ ಲೇಬರ್ ರೂಮಿನಲ್ಲಿ ಹೇಗೆ ಬರೀತೀರಿ? ಬಟ್ಟೆ, ಪ್ಯಾಡು, ನೆಲ ನೋಡಿ 'ಸುಮಾರು 200 ಎಂಎಲ್' ಅಂತ ಬರೀತೀರಿ. ಎಲ್ಲರೂ ಹಾಗೇ ಬರೆಯೋದು. ಅಂದಾಜಿನಲ್ಲಿ ಬರೆದ ಸಂಖ್ಯೆ ಇಟ್ಟುಕೊಂಡು ಮದ್ದು ಕೆಲಸ ಮಾಡಿತೋ ಇಲ್ಲವೋ ಹೇಳಲಾಗದು. ಅದಕ್ಕಾಗಿ ಆ ತಂಡ ಬಾಣಂತಿಯ ಕೆಳಗೆ ಹಾಸುವ ಒಂದು ಡ್ರೇಪ್ ಮಾಡಿಕೊಂಡಿತು. ಅದರ ತುದಿಗೆ ಗೆರೆ ಹಾಕಿದ ಚೀಲ. ರಕ್ತ ಅದರೊಳಗೆ ಇಳಿಯುತ್ತದೆ, ಎಷ್ಟು ಅಂತ ಸಿಸ್ಟರ್ ಓದಿಕೊಳ್ಳುತ್ತಾರೆ. ಬ್ರಾಸ್-ವಿ ಡ್ರೇಪ್ ಅಂತ ಅದರ ಹೆಸರು. ಕಣ್ಣಂದಾಜನ್ನೂ ಡ್ರೇಪ್ ಅಳತೆಯನ್ನೂ ಹೋಲಿಸಿ ನೋಡಿದಾಗ ಕಣ್ಣಂದಾಜು ಸುಮಾರು 33 ಪ್ರತಿಶತ ಕಡಿಮೆ ಹೇಳುತ್ತಿತ್ತು.

ಇದಾಗಿ ಹದಿನೇಳು ವರ್ಷ ಕಳೆದ ಮೇಲೆ, 2023ರಲ್ಲಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅರ್ರಿ ಕುಮಾರಸ್ವಾಮಿ ಅವರ ನೇತೃತ್ವದ ಇ-ಮೋಟಿವ್ ಟ್ರಯಲ್ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆ, 2 ಲಕ್ಷಕ್ಕೂ ಹೆಚ್ಚು ಹೆರಿಗೆ. ಅಲ್ಲಿ ಹೊಸ ಮದ್ದೇನೂ ಇರಲಿಲ್ಲ. ಗೆರೆ ಹಾಕಿದ ಇಂಥದೇ ಡ್ರೇಪ್ ಹಾಸಿ ರಕ್ತಸ್ರಾವವನ್ನು ಬೇಗ ಗುರುತಿಸೋದು, ಗುರುತಿಸಿದ ಕೂಡಲೇ ಗರ್ಭಕೋಶ ತಿಕ್ಕೋದು, ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೆ ಕೊಡೋದು. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ಆದವರ ಪೈಕಿ 51.1 ಪ್ರತಿಶತ ಮಾತ್ರ ಗುರುತಿಗೆ ಸಿಕ್ಕಿದ್ದರು. ಡ್ರೇಪ್ ಇದ್ದ ಕಡೆ 93.1. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಆಪರೇಷನ್, ಸಾವು ಇವೆಲ್ಲ ಸೇರಿ 4.3 ಪ್ರತಿಶತದಿಂದ 1.6ಕ್ಕೆ ಇಳಿದವು. ಅರ್ಧದಷ್ಟು ಜನ ನಮ್ಮ ಕಣ್ಣ ಮುಂದೆಯೇ ರಕ್ತ ಕಳಕೊಳ್ಳುತ್ತಿದ್ದರೂ ನಮಗೆ ಕಾಣುತ್ತಿರಲಿಲ್ಲ ಅಂತಾಯಿತು. ಬೆಳಗಾವಿಯವರು ಇದನ್ನು ಆಗಲೇ ಹೇಳಿದ್ದರು.

ರಕ್ತದ ಕತೆ ಹೀಗಾದರೆ ಬಸುರಿಗೆ ಎಷ್ಟು ತಿಂಗಳು ಅನ್ನುವ ಲೆಕ್ಕದ್ದು ಇನ್ನೂ ಗಂಭೀರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ವೃತ್ತಿ ಏನನ್ನೆಲ್ಲ ಬೇಡುತ್ತದೆ ಅನ್ನೋದು ಇದೊಂದರಲ್ಲೇ ಕಾಣುತ್ತದೆ.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿ ತಜ್ಞರಿದ್ದರು. ಎಲ್ಲರೂ ಮಾಂಟ್ ಅನ್ನುತ್ತಿದ್ದರು. ಹೆರಿಗೆ ನೋವು ಯಾಕೆ ಶುರುವಾಗುತ್ತದೆ ಅನ್ನೋದು ಅವರ ಪ್ರಶ್ನೆ. ಅದಕ್ಕಾಗಿ ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಹೊಟ್ಟೆಯೊಳಗಿನ ಮರಿಗೆ ಸ್ಟೀರಾಯ್ಡ್ ಕೊಟ್ಟಾಗ ಅದು ದಿನ ತುಂಬುವ ಮೊದಲೇ ಹುಟ್ಟುತ್ತಿತ್ತು. ಅಷ್ಟು ಬೇಗ ಹುಟ್ಟಿದ ಮರಿ ಸಾಯಬೇಕಿತ್ತು. ಆದರೆ ಉಸಿರಾಡುತ್ತಿತ್ತು. ಶ್ವಾಸಕೋಶ ನೋಡಿದರೆ ಗಾಳಿ ತುಂಬಿಕೊಂಡಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅದನ್ನು ಗಮನಿಸಿದ್ದೇ ಲಿಗಿನ್ಸ್ ದೊಡ್ಡತನ. ಮಕ್ಕಳ ತಜ್ಞ ರಾಸ್ ಹೌಯಿ ಜೊತೆ ಸೇರಿ ಅವರು ಅವಧಿಗೆ ಮುಂಚೆ ಹೆರಿಗೆಯಾಗುವ ತಾಯಂದಿರಿಗೆ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಟ್ರಯಲ್ ಶುರು ಮಾಡಿದರು. 1972ರಲ್ಲಿ 282 ತಾಯಂದಿರ ಫಲಿತಾಂಶ ಬಂತು. ಹುಟ್ಟಿದ ಮೊದಲ ದಿನಗಳಲ್ಲೇ ಸಾಯುವ ಮಕ್ಕಳ ಪ್ರಮಾಣ 15 ಪ್ರತಿಶತದಿಂದ 3.2ಕ್ಕೆ ಇಳಿದಿತ್ತು.

ಮರುದಿನದಿಂದಲೇ ಎಲ್ಲರೂ ಕೊಡಲು ಶುರು ಮಾಡಿದರು ಅಂದುಕೊಂಡಿರಾ? ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು 'ಕೊಡಿ' ಅಂದದ್ದು 1994ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ. ಆ ನಡುವೆ ಡಬ್ಲಿನ್ನಿನ ಪ್ರಸೂತಿ ತಜ್ಞೆ ಪೆಟ್ರೀಷಿಯಾ ಕ್ರೌಲಿ ಚದುರಿಹೋಗಿದ್ದ ಟ್ರಯಲ್‌ಗಳನ್ನು ಕೂಡಿಸಿ ಒಟ್ಟು ಲೆಕ್ಕ ತೆಗೆದರು. ಅವರು ಹೊಸ ಪ್ರಯೋಗ ಮಾಡಲಿಲ್ಲ. ಇದ್ದದ್ದನ್ನೇ ಶ್ರದ್ಧೆಯಿಂದ ಓದಿದರು. ಕಾಕ್ರನ್ ಸಂಸ್ಥೆಯ ಲೋಗೋದಲ್ಲಿ ಕಾಣುವ ಅಡ್ಡಗೆರೆಗಳು ಈ ಸ್ಟೀರಾಯ್ಡ್ ಟ್ರಯಲ್‌ಗಳದ್ದೇ. ಲ್ಯಾಬು ಇಲ್ಲ, ದುಡ್ಡು ಇಲ್ಲ, ಸಂಶೋಧನೆ ಹೇಗೆ ಮಾಡೋದು ಅನ್ನುವವರಿಗೆ ನಾನು ಕ್ರೌಲಿ ಹೆಸರು ಹೇಳುತ್ತೇನೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಇಷ್ಟು ಒಳ್ಳೆಯ ಇಂಜೆಕ್ಷನ್ನನ್ನು ಹಳ್ಳಿಗೂ ತಲುಪಿಸೋಣ ಅಂತ ಎಲ್ಲರಿಗೂ ಅನ್ನಿಸಿತು. ಅದೇ ಜಾತಿಯ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಅಗ್ಗ, ಎಎನ್‌ಎಂ ಕೊಡಬಹುದು. 2014ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಎಎನ್‌ಎಂ ಒಂದು ಡೋಸ್ ಕೊಡಬಹುದು ಎಂದು ಮಾರ್ಗಸೂಚಿ ಹೊರಡಿಸಿತು. ಅದೇ ಹೊತ್ತಿಗೆ ಆರು ದೇಶಗಳಲ್ಲಿ ಆ್ಯಕ್ಟ್ ಎಂಬ ಟ್ರಯಲ್ ನಡೆಯುತ್ತಿತ್ತು. ಬೆಳಗಾವಿ ಮತ್ತು ನಾಗ್ಪುರ ಅದರಲ್ಲಿದ್ದವು. ಸುಮಾರು ಒಂದು ಲಕ್ಷ ಹೆರಿಗೆ. 2015ರಲ್ಲಿ ಫಲಿತಾಂಶ ನೋಡಿದರೆ ಎದೆ ಧಸಕ್ಕೆಂದಿತು. ಸ್ಟೀರಾಯ್ಡ್ ಹಂಚಿದ ಊರುಗಳಲ್ಲಿ ಶಿಶುಮರಣ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸಾವಿರ ಹೆರಿಗೆಗೆ ಮೂರೂವರೆಯಷ್ಟು ಜಾಸ್ತಿ ಸಾವು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚು.

ಮದ್ದು ಅದೇ. ಹಾಗಿದ್ದರೆ ಎಡವಿದ್ದು ಎಲ್ಲಿ? ಇದಕ್ಕೆ ಒಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗದು. ಆದರೆ ತಿಂಗಳ ಲೆಕ್ಕದ ಮೇಲೆ ಅನುಮಾನ ಬೀಳದೆ ಇರಲಿಲ್ಲ. ಬಸುರಿಗೆ ಎಷ್ಟು ವಾರ ಆಗಿದೆ ಅಂತ ಹಳ್ಳಿಯಲ್ಲಿ ನಿಖರವಾಗಿ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಈ ಕಷ್ಟ ಗೊತ್ತೇ ಇದೆ. ಕೊನೆಯ ಮುಟ್ಟು ಯಾವಾಗ ಅಂದರೆ 'ಯುಗಾದಿ ಆಗಿ ಎಂಟು ದಿನಕ್ಕೆ', 'ಊರ ಜಾತ್ರೆ ಹಿಂದಿನ ಅಮಾವಾಸ್ಯೆಗೆ' ಅನ್ನುತ್ತಾರೆ. ಅದನ್ನೇ ಹಬ್ಬಗಳ ಕ್ಯಾಲೆಂಡರ್ ಇಟ್ಟುಕೊಂಡು ತಾರೀಖಿಗೆ ತಿರುಗಿಸಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಎರಡು ಮೂರು ವಾರ ಆಚೀಚೆ ಆಗೋದು ಮಾಮೂಲು. ಆ್ಯಕ್ಟ್‌ನಲ್ಲಿ ಸ್ಟೀರಾಯ್ಡ್ ಪಡೆದವರ ಪೈಕಿ ನಿಜವಾಗಿಯೂ ತೀರಾ ಚಿಕ್ಕ ಮಗು ಹೆತ್ತವರು ಆರರಲ್ಲಿ ಒಬ್ಬರಷ್ಟೇ. ಉಳಿದವರಿಗೆ ಅದು ಬೇಕಿರಲೇ ಇಲ್ಲ. ಜೊತೆಗೆ, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಸೌಕರ್ಯವೂ ಎಲ್ಲ ಕಡೆ ಇರಲಿಲ್ಲ.

ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಒಂದು ಟ್ರಯಲ್ ಮಾಡಿತು. ಹೆಸರು ಆ್ಯಕ್ಷನ್. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನದ 29 ಆಸ್ಪತ್ರೆ, 2852 ತಾಯಂದಿರು. ಇಲ್ಲೂ ಬೆಳಗಾವಿಯವರು ಇದ್ದರು. ಈ ಸಲ ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಂಡು, 26ರಿಂದ 34 ವಾರದೊಳಗಿನವರನ್ನೇ ತಗೊಂಡರು. ಒಳ್ಳೆಯ ಆರೈಕೆ ಇರುವ ಆಸ್ಪತ್ರೆಗಳನ್ನೇ ಆರಿಸಿದರು. 2020ರಲ್ಲಿ ಉತ್ತರ ಬಂತು. ನವಜಾತ ಶಿಶುಗಳ ಸಾವು 23.5 ಪ್ರತಿಶತದಿಂದ 19.6ಕ್ಕೆ ಇಳಿದಿತ್ತು. ಸೋಂಕು ಹೆಚ್ಚಾಗಿರಲಿಲ್ಲ. ಲಾಭ ಸ್ಪಷ್ಟವಾಗಿದ್ದರಿಂದ ಟ್ರಯಲ್ಲನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಒಂದು ಇಂಜೆಕ್ಷನ್ನಿಗೆ ಅರ್ಧ ಶತಮಾನ. ಇದರಲ್ಲಿ ಯಾರ ಕೆಲಸವನ್ನು ದೊಡ್ಡದು ಅಂತೀರಿ? ನನ್ನ ಮಟ್ಟಿಗೆ ಆ್ಯಕ್ಟ್ ತಂಡದ್ದು. ವರ್ಷಗಟ್ಟಲೆ ದುಡಿದು, ಒಳ್ಳೆಯದಾಗುತ್ತದೆ ಎಂದು ನಂಬಿ ಮಾಡಿದ ಕೆಲಸ ತಿರುಗಿಬಿದ್ದಾಗ ಅದನ್ನು ಇದ್ದ ಹಾಗೇ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಅವರು ಮುಚ್ಚಿಟ್ಟಿದ್ದರೆ ಆ್ಯಕ್ಷನ್ ನಡೆಯುತ್ತಿರಲಿಲ್ಲ. ನಾವು ಎಲ್ಲೆಂದರಲ್ಲಿ, ಯಾರಿಗೆಂದರೆ ಅವರಿಗೆ ಚುಚ್ಚುತ್ತಲೇ ಇರುತ್ತಿದ್ದೆವು. ನೀವು ಈ ದಾರಿಗೆ ಬರೋದಾದರೆ ನಿಮ್ಮ ಥೀಸಿಸ್ಸಿನಿಂದಲೇ ಇದನ್ನು ರೂಢಿ ಮಾಡಿಕೊಳ್ಳಿ. ಪಿ ವ್ಯಾಲ್ಯೂ 0.05ಕ್ಕಿಂತ ಮೇಲೆ ಬಂದರೆ, ಅಂದರೆ ಕಂಡ ವ್ಯತ್ಯಾಸ ಬರೀ ಆಕಸ್ಮಿಕ ಇರಬಹುದು ಅಂತಾದರೆ, ಗೈಡ್ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ.

'ಬದುಕು ನಡೆಯುತ್ತದೆಯೇ' ಅಂತ ಕೇಳಿದ್ದೀರಿ. ದುಡ್ಡಿನ ಮಾತಿಗೆ ಬರುತ್ತೇನೆ. ಅದಕ್ಕಿಂತ ಮೊದಲು ಕಾಯುವ ಮಾತು.

ಟ್ರಾನೆಕ್ಸಾಮಿಕ್ ಆ್ಯಸಿಡ್ ಕಂಡುಹಿಡಿದವರಲ್ಲಿ ಒಬ್ಬರು ಜಪಾನಿನ ಉತಾಕೊ ಒಕಾಮೊಟೊ. ಗಂಡ ಶೋಸುಕೆ ಜೊತೆ ಸೇರಿ 1962ರಲ್ಲಿ ಅದನ್ನು ಪ್ರಕಟಿಸಿದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ದುಡಿದವರು ಅವರು. ಯುದ್ಧ ಮುಗಿದ ಮೇಲಿನ ಜಪಾನ್, ಏನೂ ಸಿಗುತ್ತಿರಲಿಲ್ಲ. ರಕ್ತದ ಮೇಲೆ ಕೆಲಸ ಮಾಡಿದರೆ ಬೇರೆಯದು ಸಿಗದಿದ್ದರೂ ನಮ್ಮದೇ ಇರುತ್ತದಲ್ಲ ಅಂತ ಆ ವಿಷಯ ಆರಿಸಿಕೊಂಡಿದ್ದರು. ತಮ್ಮ ಮದ್ದು ಬಾಣಂತಿಯರ ರಕ್ತಸ್ರಾವಕ್ಕೆ ಬಳಕೆಯಾಗಲಿ ಅನ್ನೋದು ಅವರ ಆಸೆ. ಪ್ರಸೂತಿ ತಜ್ಞರನ್ನು ಒಪ್ಪಿಸಲು ಆಗಲಿಲ್ಲ. ಮದ್ದು ಹಲ್ಲಿನ ಡಾಕ್ಟರ್ ಹತ್ತಿರ ಹೋಯಿತು, ಮುಟ್ಟಿನ ಜಾಸ್ತಿ ಸ್ರಾವಕ್ಕೆ ಹೋಯಿತು, ಹೃದಯದ ಆಪರೇಷನ್ನಿಗೆ ಹೋಯಿತು. ಲೇಬರ್ ರೂಮಿಗೆ ಮಾತ್ರ ಬರಲಿಲ್ಲ. ಕೊನೆಗೆ ಲಂಡನ್ನಿನ ಹಲೀಮಾ ಶಕೂರ್ ಮತ್ತು ಇಯಾನ್ ರಾಬರ್ಟ್ಸ್ 21 ದೇಶಗಳ 20,060 ಹೆಂಗಸರ ಮೇಲೆ ವುಮನ್ ಟ್ರಯಲ್ ನಡೆಸಿದರು. ರಕ್ತ ಹೋಗಿ ಸಾಯುವವರ ಸಂಖ್ಯೆ 1.9 ಪ್ರತಿಶತದಿಂದ 1.5ಕ್ಕೆ ಇಳಿಯಿತು. ಮೂರು ಗಂಟೆಯೊಳಗೆ ಕೊಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಫಲಿತಾಂಶ ಬಂದದ್ದು 2017ರ ಏಪ್ರಿಲ್‌ನಲ್ಲಿ. ಉತಾಕೊ ತೀರಿಕೊಂಡದ್ದು 2016ರ ಏಪ್ರಿಲ್‌ನಲ್ಲಿ, 98ನೇ ವಯಸ್ಸಿನಲ್ಲಿ.

ಹೆದರಿಸಲು ಹೇಳುತ್ತಿಲ್ಲ. ಸಿಜೇರಿಯನ್ ಮಾಡಿದರೆ ಮುಕ್ಕಾಲು ಗಂಟೆಯಲ್ಲಿ ಫಲ ಕಣ್ಣ ಮುಂದೆ ಅಳುತ್ತಾ ಇರುತ್ತದೆ. ಆ ಸುಖಕ್ಕೆ ಒಗ್ಗಿದವರಿಗೆ ಇದು ಕಷ್ಟ. ನಿಮಗೆ ಎರಡೂ ಬೇಕು ಅನ್ನಿಸಿದರೆ ಆಗ ಹೆರಿಗೆ ಬಿಡದ ಸಂಶೋಧಕಿ ಆಗೋದು ಸರಿಯಾದ ಆಯ್ಕೆ.

ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಕಷ್ಟವೂ ಇದೆ. ಸುಭಾಷ್ ಮುಖೋಪಾಧ್ಯಾಯರ ಕತೆ ಕೇಳಿರುತ್ತೀರಿ. ಪ್ರಪಂಚದ ಮೊದಲ ಪ್ರನಾಳ ಶಿಶು ಹುಟ್ಟಿ ಎರಡು ತಿಂಗಳು ದಾಟಿತ್ತು ಅಷ್ಟೇ, 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಅವರ ಪ್ರಯತ್ನದಿಂದ ಹೆಣ್ಣುಮಗು ಹುಟ್ಟಿತು. ಸರ್ಕಾರದ ಸಮಿತಿ ಸುಳ್ಳು ಅಂದಿತು. ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರಲ್ಲಿ ಅವರು ಜೀವ ಕಳಕೊಂಡರು. 1997ರಲ್ಲಿ ಅವರ ಕೈಬರಹದ ಟಿಪ್ಪಣಿಗಳನ್ನು ಓದಿ, ಇದು ನಿಜವಾಗಿ ನಡೆದಿದೆ ಎಂದು ಬರೆದವರು ಟಿ.ಸಿ. ಆನಂದ್ ಕುಮಾರ್. 1986ರಲ್ಲಿ ಮುಂಬೈನಲ್ಲಿ ಇಂದಿರಾ ಹಿಂದುಜಾ ಅವರೊಂದಿಗೆ ಸೇರಿ ಭಾರತದ 'ಮೊದಲ' ಪ್ರನಾಳ ಶಿಶು ಎಂದು ಹೆಸರಾದ ಮಗುವಿನ ಹಿಂದೆ ಇದ್ದ ವಿಜ್ಞಾನಿ ಅವರೇ. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ್ದರು. ತಮ್ಮ ಪಟ್ಟವನ್ನು ತಾವೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಈಗ ಕಾಲ ಬದಲಾಗಿದೆ, ಯಾರೂ ನಿಮ್ಮನ್ನು ಕಣ್ಣಿನ ವಿಭಾಗಕ್ಕೆ ಎಸೆಯೋದಿಲ್ಲ. ಆದರೂ ಬರೆದಿಡಿ. ಏನು ಮಾಡಿದಿರಿ, ಯಾವತ್ತು ಮಾಡಿದಿರಿ, ಏನಾಯಿತು, ಎಲ್ಲವನ್ನೂ.

ಬರೆದಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆ. ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ರಿಜಿಸ್ಟರ್ ಹಿಡಿದು ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಎಂದು 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮಗುವನ್ನು ತಕ್ಕಡಿಯಲ್ಲಿಟ್ಟ ಆ ನರ್ಸುಗಳಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ಸರಿ, ದುಡ್ಡು. ಭಾರತದಲ್ಲಿ ಹೆಚ್ಚಿನ ಓಬಿಜಿ ಸಂಶೋಧಕರಿಗೆ ಸಂಬಳ ಕೊಡೋದು ಮೆಡಿಕಲ್ ಕಾಲೇಜು. ಎಂಎಸ್ ಮುಗಿಸಿ, ಸೀನಿಯರ್ ರೆಸಿಡೆನ್ಸಿ ಮಾಡಿ, ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿಕೊಳ್ಳಿ. ಅನ್ನ ಅಲ್ಲಿಂದ. ಸಂಶೋಧನೆಯ ಖರ್ಚು ಐಸಿಎಂಆರ್, ಡಿಬಿಟಿ, ಇಂಡಿಯಾ ಅಲಯನ್ಸ್‌ನಂಥ ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳಿಂದ ಅಥವಾ ವಿದೇಶಿ ಗ್ರಾಂಟ್‌ಗಳಿಂದ. ಬರೀ ಪ್ರಾಜೆಕ್ಟ್ ಹುದ್ದೆಯನ್ನು ನಂಬಿಕೊಂಡು ಮನೆ ಸಾಲ ಮಾಡಬೇಡಿ. ಗ್ರಾಂಟ್ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಕಾಲೇಜು ಆರಿಸುವಾಗ ಸಂಬಳದ ಜೊತೆ ಇನ್ನೆರಡು ವಿಷಯ ವಿಚಾರಿಸಿ: ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ನಿಜವಾಗಿ ಸಭೆ ಸೇರುತ್ತದಾ, ಮತ್ತು ಅಲ್ಲಿ ಈಗಾಗಲೇ ಟ್ರಯಲ್ ಮಾಡುತ್ತಿರುವವರು ಯಾರಾದರೂ ಇದ್ದಾರಾ. ಬೆಳಗಾವಿಯ ಜೊತೆಗೆ ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ನೋಡಿ. ಬಸುರಿಯರಿಗೆ ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾ, 500 ಸಾಕಾ ಎಂದು 11,000 ಹೆಂಗಸರ ಮೇಲೆ ಬೆಂಗಳೂರಿನಲ್ಲಿ ಟ್ರಯಲ್ ಮಾಡಿ, ಬಿಪಿ ಏರುವ ಪ್ರೀ-ಎಕ್ಲಾಂಪ್ಸಿಯಾ ತಡೆಯಲು 500 ಕೂಡ ಅಷ್ಟೇ ಸಮರ್ಥ ಎಂದು 2024ರಲ್ಲಿ ತೋರಿಸಿದವರು ಅವರು. ದಿನಕ್ಕೆ ಮೂರು ಮಾತ್ರೆ ನುಂಗಲಾರದೆ ಬಿಸಾಕುವ ನಮ್ಮ ಪೇಷಂಟ್‌ಗಳಿಗೆ ಇದು ದೊಡ್ಡ ವಿಷಯ ಅಲ್ವಾ?

ಕಾಲೇಜುಗಳಲ್ಲಿ ಪ್ರಮೋಷನ್‌ಗಾಗಿ ಪೇಪರ್ ಬರೆಯುವ ಒಂದು ಗಿರಣಿ ಇದೆ. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಿಸುವ ಜರ್ನಲ್‌ಗಳಿವೆ. ನಿಮ್ಮ ಹೆಸರನ್ನು ಅಲ್ಲಿಗೆ ಕೊಡಬೇಡಿ. ಮುಂದೆ ಒಳ್ಳೆಯ ತಂಡ ನಿಮ್ಮನ್ನು ಸೇರಿಸಿಕೊಳ್ಳುವ ಮುಂಚೆ ಅದನ್ನೇ ಮೊದಲು ನೋಡೋದು.

ಕಲಿಯುವ ವಿಚಾರ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ (ಜನಸಮುದಾಯದಲ್ಲಿ ಕಾಯಿಲೆಗಳ ಅಧ್ಯಯನ) ಸಂಸ್ಥೆಯವರ ಸಂಶೋಧನೆಯ ಬೇಸಿಕ್ ಕೋರ್ಸನ್ನು ಪಿಜಿಗಳು ಹೇಗೂ ಮಾಡಲೇಬೇಕು. ಸುಮ್ನೆ ಸರ್ಟಿಫಿಕೇಟಿಗಾಗಿ ವಿಡಿಯೊ ಓಡಿಸಬೇಡಿ, ಕೂತು ಕೇಳಿ. ಮುಂದೆ ಆಸಕ್ತಿ ಉಳಿದರೆ ಎಪಿಡೆಮಿಯಾಲಜಿಯಲ್ಲಿ ಒಂದು ಮಾಸ್ಟರ್ಸ್ ಮಾಡಿ. ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್‌ನವರದ್ದು ದೂರಶಿಕ್ಷಣದಲ್ಲೂ ಇದೆ, ಕೆಲಸ ಬಿಡಬೇಕಾಗಿಲ್ಲ. ಜೊತೆಗೆ ನಿಮ್ಮ ಸೀನಿಯರ್‌ಗಳು ತಮಾಷೆ ಮಾಡಿದ ಪಿಎಸ್‌ಎಂ ವಿಭಾಗದಲ್ಲಿ ಒಬ್ಬ ಗೆಳತಿಯನ್ನು ಮಾಡಿಕೊಳ್ಳಿ. ಒಳ್ಳೆಯ ಟ್ರಯಲ್ಲನ್ನು ಒಬ್ಬರೇ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಪುಸ್ತಕದಲ್ಲಿ ಸಿಗದ ಒಂದೆರಡು ಮಾತು. ನಮ್ಮಲ್ಲಿ ಚೊಚ್ಚಲ ಬಸುರಿ ಏಳನೇ ತಿಂಗಳಿಗೆಲ್ಲ ತವರಿಗೆ ಹೋಗುತ್ತಾಳೆ. ನೀವು ಧಾರವಾಡದಲ್ಲಿ ಹೆಸರು ಬರೆದುಕೊಂಡವಳು ಗದಗಿನಲ್ಲಿ ಹೆರುತ್ತಾಳೆ. ಫಾಲೋಅಪ್ ಅಲ್ಲಿಗೇ ಹರಿದುಹೋಗುತ್ತದೆ. ಮೊದಲ ಭೇಟಿಯಲ್ಲೇ ತವರಿನ ಊರು, ಅಣ್ಣನದ್ದೋ ಅಪ್ಪನದ್ದೋ ಮೊಬೈಲ್ ನಂಬರ್, ಆ ಊರಿನ ಆಶಾ ಯಾರು, ಮೂರನ್ನೂ ಬರೆದುಕೊಳ್ಳಿ. ಒಪ್ಪಿಗೆಪತ್ರವನ್ನು ನೋವು ತಿನ್ನುತ್ತಿರುವವಳ ಕೈಗೆ ಕೊಡಬೇಡಿ. ಆಗ ಅವಳು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಾಳೆ. ತಪಾಸಣೆಗೆ ಬಂದಾಗಲೇ ವಿವರಿಸಿ, ಅವಳ ಬಾಯಿಂದಲೇ ವಾಪಸ್ ಹೇಳಿಸಿ. ಓದು ಬಾರದಿದ್ದರೆ ನಿಮ್ಮ ತಂಡದವರಲ್ಲದ ಒಬ್ಬ ಸಾಕ್ಷಿ ಬೇಕು. ಅತ್ತೆ ತಲೆಯಾಡಿಸಿದರೆ ಅದು ಸೊಸೆಯ ಒಪ್ಪಿಗೆ ಆಗೋದಿಲ್ಲ. ಇನ್ನು ಸಂಶೋಧನೆಯ ಸ್ಕ್ಯಾನ್ ಆದರೂ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಿಂದ ವಿನಾಯಿತಿ ಇಲ್ಲ, ಫಾರ್ಮ್ ಎಫ್ ತುಂಬಲೇಬೇಕು.

ಮನೆಯವರ ಆಸೆಯನ್ನು ತಳ್ಳಿಹಾಕಬೇಡಿ. ಊರಲ್ಲಿ ನರ್ಸಿಂಗ್ ಹೋಮ್ ಹಾಕಿದ ಮೇಲೂ ಸಂಶೋಧನೆ ಸಾಯಬೇಕಾಗಿಲ್ಲ. ದೊಡ್ಡ ಟ್ರಯಲ್‌ಗಳಿಗೆ ದಾಖಲೆ ಚೆನ್ನಾಗಿ ಇಡುವ ಖಾಸಗಿ ಆಸ್ಪತ್ರೆಗಳೂ ಸೆಂಟರ್ ಆಗಬಹುದು. ಆದರೆ ನಿಜ ಹೇಳಬೇಕೆಂದರೆ, ಸಾಲದ ಕಂತು ಶುರುವಾದ ಮೇಲೆ ಆ ಕಡೆಗೆ ಹೊತ್ತು ಕೊಟ್ಟವರು ಕಮ್ಮಿ. ಮೊದಲ ಐದಾರು ವರ್ಷ ಕಾಲೇಜಿನಲ್ಲಿದ್ದು, ಒಂದು ಟ್ರಯಲ್ಲನ್ನು ಮೊದಲಿಂದ ಕೊನೆವರೆಗೆ ನೋಡಿ, ಆಮೇಲೆ ನಿರ್ಧಾರ ಮಾಡಿ ಅಂತ ಮನೆಯವರನ್ನು ಕೇಳಿಕೊಳ್ಳಿ.

ಈಗಿನ ಮಟ್ಟಿಗೆ ನಿಮ್ಮ ಥೀಸಿಸ್. ವಿಷಯ ಏನೆಂದು ಬರೆದಿಲ್ಲ. ನಮ್ಮಲ್ಲಿ ಹತ್ತರಲ್ಲಿ ಆರು ಥೀಸಿಸ್ 'ಇಂಥ ಕಾಯಿಲೆಯಲ್ಲಿ ತಾಯಿ ಮತ್ತು ಮಗುವಿನ ಫಲಿತಾಂಶ' ಅಂತಲೇ ಇರುತ್ತವೆ, ನಿಮ್ಮದೂ ಅದೇ ಆಗಿದ್ದರೆ ಬೇಜಾರಾಗಬೇಡಿ. ನಿಮ್ಮ ಪ್ರೊಫಾರ್ಮಾ (ಡೇಟಾ ತುಂಬುವ ನಮೂನೆ) ತೆಗೆದು ನೋಡಿ. ಯಾವ ಕಾಲಂಗಳು ಅಂದಾಜಿನವು? ರಕ್ತ ಎಷ್ಟು ಅನ್ನೋದಾ, ವಾರ ಎಷ್ಟು ಅನ್ನೋದಾ, ನೋವು ಶುರುವಾದ ಸಮಯವಾ? ಅದರಲ್ಲಿ ಒಂದನ್ನು ಆರಿಸಿ ಸರಿಯಾಗಿ ಅಳೆಯುವ ಏರ್ಪಾಡು ಮಾಡಿಕೊಳ್ಳಿ. ಗೆರೆ ಹಾಕಿದ ಡ್ರೇಪ್ ತರಿಸಲು ಆಗದಿದ್ದರೆ ಪ್ಯಾಡುಗಳನ್ನು ತೂಕ ಮಾಡಿ, ಒಣ ತೂಕ ಕಳೆಯಿರಿ. ಒಂದು ಗ್ರಾಂಗೆ ಒಂದು ಎಂಎಲ್ ಹಿಡಿದರೆ ಸಾಕು. ಆದರೆ ಗೈಡ್‌ಗೆ ಹೇಳಿ, ಎಥಿಕ್ಸ್ ಕಮಿಟಿಗೆ ಅಮೆಂಡ್‌ಮೆಂಟ್ ಕೊಟ್ಟು, ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ಶುರು ಮಾಡಿ. ಥೀಸಿಸ್ ಟ್ರಯಲ್ ಆಗಿದ್ದರೆ ಭಾರತದ ಟ್ರಯಲ್ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಅದು ಮೊದಲ ಪೇಷಂಟ್ ಸೇರುವ ಮುಂಚೆ ಆಗಿರಬೇಕು.